ಕಸುಬು, ನೋವು, ಮಾತ್ರೆ: ಸಾವಿನ ಎಣಿಕೆಯ ಒಂದು ವಿಮರ್ಶೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಾರ್ವಜನಿಕ ಆರೋಗ್ಯ ಇಲಾಖೆ 2018ರಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಅಫೀಮಿನ ವರ್ಗಕ್ಕೆ ಸೇರಿದ ದ್ರವ್ಯಗಳ ಅತಿಸೇವನೆಯಿಂದ 2011ರಿಂದ 2015ರ ಅವಧಿಯಲ್ಲಿ ಆ ರಾಜ್ಯದಲ್ಲಿ ಸತ್ತವರು ಯಾವ ಯಾವ ಕಸುಬಿನವರಾಗಿದ್ದರು ಎಂಬುದು ಅದರ ವಿಷಯ. ಎಲ್ಲ ಕಸುಬುಗಳನ್ನೂ ಸೇರಿಸಿ ನೋಡಿದರೆ ಒಂದು ಲಕ್ಷ ದುಡಿಯುವ ಜನರಲ್ಲಿ ವರ್ಷಕ್ಕೆ ಸರಾಸರಿ 25.1 ಸಾವು. ಕಟ್ಟಡ ನಿರ್ಮಾಣ ಮತ್ತು ಗಣಿ ಕೆಲಸದ ಗುಂಪಿನಲ್ಲಿ 150.6. ಬೇಸಾಯ, ಮೀನುಗಾರಿಕೆ ಮತ್ತು ಅರಣ್ಯ ಕೆಲಸದವರಲ್ಲಿ 143.9. ಶಿಕ್ಷಕರ ಗುಂಪು ಸರಾಸರಿಗಿಂತ ಬಹಳ ಕೆಳಗಿತ್ತು. ಈ ಪತ್ರಿಕೆಯ ಓದುಗರಲ್ಲಿ ಅನೇಕರು ಅಷ್ಟರಮಟ್ಟಿಗೆ ಸಮಾಧಾನಪಟ್ಟುಕೊಳ್ಳಬಹುದು.

ಇಂಥ ಅಂಕಿಗಳಿಗೆ ಕಾಲು ಬೇಗ ಬರುತ್ತದೆ. 'ಕಟ್ಟಡ ಕಾರ್ಮಿಕರಲ್ಲಿ ಅಪಾಯ ಆರು ಪಟ್ಟು' ಎಂಬ ಒಂದು ಸಾಲು ಭಾಷಣಕ್ಕೆ, ಭಿತ್ತಿಪತ್ರಕ್ಕೆ, ತರಗತಿಯ ಚರ್ಚೆಗೆ ಬಂದು ಕುಳಿತುಬಿಡುತ್ತದೆ. ಬೆಂಗಳೂರಿನ ಪಶ್ಚಿಮ ಭಾಗವನ್ನು ನೆನೆಸಿಕೊಳ್ಳಿ. ರಾಜಾಜಿನಗರದ ಕೈಗಾರಿಕಾ ಬಡಾವಣೆ, ಮಾಗಡಿ ರಸ್ತೆಯ ಉದ್ದಕ್ಕೂ ಕಾಮಾಕ್ಷಿಪಾಳ್ಯದ ಲೇತ್, ಪ್ಲೇಟಿಂಗ್, ಪಾಲಿಶಿಂಗ್ ಶೆಡ್ಡುಗಳು, ಕೆಂಗೇರಿಯ ಆಚೆ ಏಳುತ್ತಲೇ ಇರುವ ಮನೆಗಳು. ದೇಹವನ್ನೇ ಬಂಡವಾಳ ಮಾಡಿಕೊಂಡು ದುಡಿಯುವವರು ಇಲ್ಲಿ ಸಾವಿರಾರು ಮಂದಿ. ಆ ಆರು ಪಟ್ಟು ಇವರಿಗೂ ಅನ್ವಯಿಸುತ್ತದೆಯೆ? ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಆ ಅಂಕಿ ಎಲ್ಲಿ, ಹೇಗೆ ಹುಟ್ಟಿತು ಎಂದು ನೋಡಬೇಕು. ನಮ್ಮಲ್ಲಿ ಅಂಥದೇ ಅಂಕಿ ಏಕೆ ಹುಟ್ಟಲಿಲ್ಲ ಎಂಬುದನ್ನೂ ನೋಡಬೇಕು. ಎರಡನೆಯದೇ ಹೆಚ್ಚು ಮುಖ್ಯವೆಂಬುದು ಈ ಲೇಖಕನ ಅಭಿಪ್ರಾಯ.

ಮೊದಲಿಗೆ ದ್ರವ್ಯದ ಪರಿಚಯ. ಗಸಗಸೆ ಗಿಡದ ಕಾಯಿಯ ಹಾಲಿನಿಂದ ಬರುವ ಅಫೀಮು, ಅದರಲ್ಲಿರುವ ಮಾರ್ಫೀನ್ ಮತ್ತು ಕೋಡೀನ್, ಮಾರ್ಫೀನನ್ನು ಮಾರ್ಪಡಿಸಿ ಮಾಡಿದ ಹೆರಾಯಿನ್, ಪೂರ್ತಿಯಾಗಿ ಪ್ರಯೋಗಶಾಲೆಯಲ್ಲೇ ತಯಾರಾಗುವ ಫೆಂಟನಿಲ್, ಟ್ರಮಡಾಲ್, ಟ್ಯಾಪೆಂಟಡಾಲ್ ಇವೆಲ್ಲವನ್ನೂ ಒಟ್ಟಾಗಿ ಓಪಿಯಾಯ್ಡ್‌ಗಳೆನ್ನುತ್ತಾರೆ. ಮೈಕೈ ನೋವಿಗೆ ಸಾಮಾನ್ಯವಾಗಿ ನುಂಗುವ ಪ್ಯಾರಾಸಿಟಮಾಲ್, ಡೈಕ್ಲೊಫೆನಾಕ್ ಈ ಗುಂಪಿನವಲ್ಲ. ಆದರೆ ಪ್ಯಾರಾಸಿಟಮಾಲ್ ಜೊತೆಗೆ ಟ್ರಮಡಾಲ್ ಬೆರೆತ ಮಾತ್ರೆಗಳೂ ನಮ್ಮಲ್ಲಿವೆ, ಹೆಸರು ನೋಡಿದರೆ ಗೊತ್ತಾಗುವುದಿಲ್ಲ.

ಓಪಿಯಾಯ್ಡ್ ಅಣುಗಳು ನರಕೋಶಗಳ ಮೇಲಿರುವ 'ಮ್ಯೂ' ಎಂಬ ಗ್ರಾಹಿಗಳಿಗೆ ಅಂಟಿಕೊಂಡು ನೋವಿನ ಸಂದೇಶವನ್ನು ತಗ್ಗಿಸುತ್ತವೆ. ಇದೇ ಗ್ರಾಹಿಗಳು ಮಿದುಳಿನ ಕಾಂಡದಲ್ಲಿ ಉಸಿರಾಟದ ಲಯವನ್ನು ನಡೆಸುವ ಕೋಶಗಳ ಮೇಲೂ ಇವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ 'ಉಸಿರೆಳೆ' ಎಂದು ಒತ್ತಾಯಿಸುವ ವ್ಯವಸ್ಥೆ ಅತಿಸೇವನೆಯಲ್ಲಿ ಮಂಕಾಗುತ್ತದೆ. ಮನುಷ್ಯ ನಿದ್ದೆಯಲ್ಲಿರುವಂತೆ ಕಾಣುತ್ತಾನೆ, ಉಸಿರು ನಿಧಾನವಾಗುತ್ತದೆ, ನಿಲ್ಲುತ್ತದೆ. ಮದ್ಯವೋ ನಿದ್ರೆಮಾತ್ರೆಯೋ ಜೊತೆಗಿದ್ದರೆ ಇನ್ನೂ ಬೇಗ. ಇನ್ನೊಂದು ಅಂಶ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು: ದಿನವೂ ಸೇವಿಸುವವರ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ಬಿಟ್ಟರೆ ಆ ಒಗ್ಗಿಕೆ ಕೆಲವೇ ವಾರಗಳಲ್ಲಿ ಇಳಿದುಹೋಗುತ್ತದೆ. ಬಿತ್ತನೆಗೆಂದು ಊರಿಗೆ ಹೋಗಿ ಎರಡು ತಿಂಗಳು ಮಾತ್ರೆ ಮುಟ್ಟದೆ ಇದ್ದವರು ಮರಳಿ ಬಂದು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಅದೇ ಪ್ರಮಾಣ ಈಗ ಪ್ರಾಣಕ್ಕೆ ಎರವಾಗಬಹುದು. ಸತತವಾಗಿ ಒಂದೇ ಕಡೆ ನಿಲ್ಲದ ಕೆಲಸಕ್ಕೂ ಅತಿಸೇವನೆಗೂ ಇರಬಹುದಾದ ಒಂದು ಕೊಂಡಿ ಇದು. ಇದನ್ನು ಯಾವ ಕಸುಬಿನ ಪಟ್ಟಿಯೂ ತೋರಿಸುವುದಿಲ್ಲ.

ಈಗ ಅಂಕಿಗಳಿಗೆ ಬರೋಣ. ಮ್ಯಾಸಚೂಸೆಟ್ಸ್ ವರದಿಯ ಜೊತೆಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಎರಡು ಪ್ರಕಟಣೆಗಳನ್ನು ಇಟ್ಟುಕೊಂಡು ಓದಬೇಕು. 2018ರದು 21 ರಾಜ್ಯಗಳ 2007ರಿಂದ 2012ರವರೆಗಿನ ಸಾವುಗಳನ್ನು ಕುರಿತದ್ದು. 2023ರದು 46 ರಾಜ್ಯಗಳು ಮತ್ತು ನ್ಯೂಯಾರ್ಕ್ ನಗರದ 2020ರ ಸಾವುಗಳನ್ನು ಕುರಿತದ್ದು. ಇದರಲ್ಲಿ ನಿರ್ಮಾಣ ಮತ್ತು ಗಣಿ ಕೆಲಸದವರ ದರ ಲಕ್ಷಕ್ಕೆ 162.6, ಅಡುಗೆ ಮತ್ತು ಬಡಿಸುವ ಕೆಲಸದವರದು 117.9. ಒಂದು ಎಚ್ಚರಿಕೆ: ಈ ಕೊನೆಯ ಅಂಕಿಗಳು ಎಲ್ಲ ಮಾದಕದ್ರವ್ಯಗಳಿಗೂ ಸೇರಿದವು. ಅವುಗಳಲ್ಲಿ ದೊಡ್ಡ ಪಾಲು ಫೆಂಟನಿಲ್ ಗುಂಪಿನದಾದರೂ 'ಓಪಿಯಾಯ್ಡ್ ದರ' ಎಂದು ಇದನ್ನು ಉಲ್ಲೇಖಿಸುವುದು ತಪ್ಪು. ಅಲ್ಲದೆ 2020 ಕೋವಿಡ್ ವರ್ಷ.

ದರವೆಂದರೆ ಒಂದು ಭಿನ್ನರಾಶಿ, ಮೇಲೆ ಅಂಶ, ಕೆಳಗೆ ಛೇದ. ಇಲ್ಲಿ ಅಂಶ ಮರಣಪತ್ರದಿಂದ ಬಂದದ್ದು. ಅಮೆರಿಕದ ಮರಣಪತ್ರದಲ್ಲಿ ಕೇಳುವುದು ಸತ್ತವರು ಬದುಕಿನ ಹೆಚ್ಚಿನ ಕಾಲ ಮಾಡಿದ ಕಸುಬನ್ನು. ಸಾಯುವ ದಿನ ಕೆಲಸವಿತ್ತೆ ಇಲ್ಲವೆ ಎಂದಲ್ಲ. ಛೇದವಾದರೋ ಅಲ್ಲಿನ ಜನಗಣತಿ ಕಚೇರಿಯ ಸಮೀಕ್ಷೆಯಿಂದ ತೆಗೆದ, ಆ ಸಮಯದಲ್ಲಿ ದುಡಿಯುತ್ತಿದ್ದವರ ಸಂಖ್ಯೆ. ಹೀಗೆ ಅಂಶ ಒಂದು ಗುಂಪಿನದು, ಛೇದ ಇನ್ನೊಂದು ಗುಂಪಿನದು. ಪರಿಣಾಮವೇನು? ಕಾಲ್ಪನಿಕ ಉದಾಹರಣೆಯೊಂದನ್ನು ಹಲಗೆಯ ಮೇಲೆ ಬರೆದು ನೋಡಿ. ಒಂದು ಊರಿನಲ್ಲಿ 1000 ಗಾರೆ ಕೆಲಸದವರು. ಅವರಲ್ಲಿ 200 ಮಂದಿ ಸೊಂಟ ಮುರಿದೋ ಬೆನ್ನು ಹಿಡಿದೋ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ವರ್ಷದಲ್ಲಿ 4 ಸಾವು ಸಂಭವಿಸಿ, 1 ಕೆಲಸದಲ್ಲಿದ್ದವರದು, 3 ಮನೆಯಲ್ಲಿದ್ದವರದು ಎನ್ನೋಣ. ವರದಿಯ ಕ್ರಮದಲ್ಲಿ ದರ 800ಕ್ಕೆ 4, ಅಂದರೆ ಸಾವಿರಕ್ಕೆ 5. ಎಲ್ಲ ಗಾರೆಯವರನ್ನೂ ಎಣಿಸಿದರೆ ಸಾವಿರಕ್ಕೆ 4. ಕೆಲಸದಲ್ಲಿ ಇರುವವರಲ್ಲಿ ಸಾವಿರಕ್ಕೆ 1.25. ಕೆಲಸ ತಪ್ಪಿದವರಲ್ಲಿ ಸಾವಿರಕ್ಕೆ 15! ಒಂದೇ ಘಟನೆಗೆ ನಾಲ್ಕು ದರಗಳು. ಕೊನೆಯದು ಹೇಳುವ ಕಥೆಯೇ ಬೇರೆ. ಅಪಾಯ ಕಸುಬಿನಲ್ಲಿರುವುದಕ್ಕಿಂತ ಗಾಯಗೊಂಡು ಕಸುಬಿನಿಂದ ಹೊರಬಿದ್ದ ಮೇಲೆ ಹೆಚ್ಚು ಎಂಬ ಸಾಧ್ಯತೆಯನ್ನು ಅದು ಎದುರಿಗಿಡುತ್ತದೆ. ನಿರ್ಮಾಣ ಕೆಲಸದವರಲ್ಲಿ ಬಹುಪಾಲು ಗಂಡಸರು, ಅತಿಸೇವನೆಯ ಸಾವು ಗಂಡಸರಲ್ಲೇ ಹೆಚ್ಚು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

21 ರಾಜ್ಯಗಳ ಪ್ರಕಟಣೆ ಛೇದದ ಈ ತೊಡಕನ್ನು ಬೇರೆ ರೀತಿ ದಾಟಿತು. ಅದು ಜನಸಂಖ್ಯೆಯ ಗೋಜಿಗೇ ಹೋಗದೆ ಒಂದು ಕಸುಬಿನವರ ಒಟ್ಟು ಸಾವುಗಳಲ್ಲಿ ಅತಿಸೇವನೆಯ ಪಾಲೆಷ್ಟು ಎಂದು ನೋಡಿ, ಆ ಪಾಲನ್ನು ಎಲ್ಲ ಕಸುಬುಗಳ ಪಾಲಿನೊಂದಿಗೆ ಹೋಲಿಸಿತು. ಸಾವಿನ ಪಾಲಿನ ಅನುಪಾತ ಎನ್ನಬಹುದು. ಇದಕ್ಕೂ ಒಂದು ಕುಂದುಂಟು. ತಲಾ ಒಂದು ಲಕ್ಷ ಜನರಿರುವ ಎರಡು ಕಸುಬುಗಳಲ್ಲಿ ತಲಾ 20 ಅತಿಸೇವನೆಯ ಸಾವು ಎಂದುಕೊಳ್ಳಿ. ಒಂದರಲ್ಲಿ ಬಿದ್ದು, ಕುಸಿದು, ಧೂಳು ಕುಡಿದು ಸಾಯುವವರೂ ಸೇರಿ ಒಟ್ಟು 500 ಸಾವು. ಇನ್ನೊಂದು ಕುರ್ಚಿಯ ಕೆಲಸ, ಒಟ್ಟು 200. ಪಾಲು ಮೊದಲನೆಯದರಲ್ಲಿ ಶೇಕಡಾ 4, ಎರಡನೆಯದರಲ್ಲಿ ಶೇಕಡಾ 10. ಅಪಾಯ ಸಮನಾಗಿದ್ದರೂ ಕುರ್ಚಿಯವರೇ ಎರಡೂವರೆ ಪಟ್ಟು ಅಪಾಯದಲ್ಲಿರುವಂತೆ ಕಾಣುತ್ತಾರೆ. ಅಂದಮೇಲೆ ಈ ಅಳತೆ ಕಟ್ಟಡ ಕಾರ್ಮಿಕರ ಅಪಾಯವನ್ನು ಕಡಿಮೆ ಮಾಡಿ ತೋರಿಸಬೇಕು. ಹಾಗಿದ್ದೂ ಆ ಪಟ್ಟಿಯಲ್ಲಿ ಅತಿಸೇವನೆಗೆ, ಅದರಲ್ಲೂ ಹೆರಾಯಿನ್ ಮತ್ತು ಮೆಥಡೋನ್ ಸಾವುಗಳಿಗೆ, ಮೊದಲ ಸ್ಥಾನದಲ್ಲಿದ್ದುದು ನಿರ್ಮಾಣ ಕೆಲಸವೇ. ಒಂದು ಅಳತೆ ಉಬ್ಬಿಸುವಂಥದು, ಮತ್ತೊಂದು ಕುಗ್ಗಿಸುವಂಥದು, ಎರಡರಲ್ಲೂ ತುದಿಯಲ್ಲಿರುವುದು ಅದೇ ಕಸುಬು. ಹಾಗಾಗಿ 'ಆರು ಪಟ್ಟು' ಎಂಬುದನ್ನು ಅಕ್ಷರಶಃ ನಂಬದಿದ್ದರೂ ಕಂಡದ್ದು ಬರೀ ನೆರಳಲ್ಲ ಎಂದು ಒಪ್ಪಬೇಕಾಗುತ್ತದೆ. ಇದೇ ಪ್ರಕಟಣೆಯಲ್ಲಿ ಮಾರ್ಫೀನ್ ಜಾತಿಯ ಔಷಧಗಳ ಸಾವಿನ ಪಾಲು ಹೆಚ್ಚಾಗಿದ್ದ ಗುಂಪುಗಳಲ್ಲಿ ವೈದ್ಯರು, ದಾದಿಯರಂಥ ಆರೋಗ್ಯ ವೃತ್ತಿಯವರೂ ಇದ್ದರು. ಅವರಲ್ಲಿ ಕಾರಣ ಬೇರೆಯಿರಬಹುದು, ಔಷಧ ಕೈಗೆಟುಕುವ ದೂರದಲ್ಲೇ ಇರುತ್ತದೆ.

ಮೂರರಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಚಿಕ್ಕದಾದ ಮ್ಯಾಸಚೂಸೆಟ್ಸ್ ವರದಿಯೇ. ಅದು ಪಟ್ಟಿ ಕೊಟ್ಟು ಸುಮ್ಮನಾಗಲಿಲ್ಲ. ಯಾವ ಕಸುಬುಗಳಲ್ಲಿ ಗಾಯ ಮತ್ತು ಕಾಯಿಲೆ ಹೆಚ್ಚು, ಯಾವುವುಗಳಲ್ಲಿ ಸಂಬಳಸಹಿತ ಕಾಯಿಲೆ ರಜೆ ಕಡಿಮೆ, ಯಾವುವುಗಳಲ್ಲಿ ಕೆಲಸದ ಭದ್ರತೆ ಇಲ್ಲ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಿತು. ಈ ಮೂರೂ ಸೇರಿದ ಕಡೆ ಸಾವಿನ ದರವೂ ಹೆಚ್ಚಾಗಿತ್ತು. ಇದು ಕಾರಣವನ್ನು ಸಾಧಿಸಿಬಿಡುವುದಿಲ್ಲ. ಗುಂಪುಗಳ ನಡುವಿನ ಹೋಲಿಕೆಯಿಂದ ವ್ಯಕ್ತಿಗಳ ಬಗ್ಗೆ ತೀರ್ಮಾನಿಸಬಾರದೆಂದು ಸಂಖ್ಯಾಶಾಸ್ತ್ರದ ಮೊದಲ ಪಾಠವೇ ಹೇಳುತ್ತದೆ. ಆದರೂ 'ಯಾರು' ಎಂಬ ಪ್ರಶ್ನೆಯಿಂದ 'ಯಾವ ಪರಿಸ್ಥಿತಿಯಲ್ಲಿ' ಎಂಬ ಪ್ರಶ್ನೆಗೆ ಅದು ಸಾಗಿತು. ನೋವಿದ್ದರೂ ರಜೆ ಹಾಕುವಂತಿಲ್ಲ, ಹಾಕಿದರೆ ಕೂಲಿ ಇಲ್ಲ. ಹಾಗಾದರೆ ನೋವನ್ನು ಅಡಗಿಸಿಕೊಂಡು ಕೆಲಸಕ್ಕೆ ಹೋಗುವುದೊಂದೇ ದಾರಿ. ಇದು ಬಾಸ್ಟನ್ನಿನಲ್ಲಿ ಹೇಗೋ ಸುಂಕದಕಟ್ಟೆಯಲ್ಲೂ ಹಾಗೆಯೇ.

ಇನ್ನು ನಮ್ಮ ಮನೆಯ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿವರ್ಷ ಹೊರತರುವ ಆಕಸ್ಮಿಕ ಸಾವು ಮತ್ತು ಆತ್ಮಹತ್ಯೆಗಳ ವರದಿಯ ಪ್ರಕಾರ ಮಾದಕದ್ರವ್ಯದ ಅತಿಸೇವನೆಯಿಂದ ಇಡೀ ಭಾರತದಲ್ಲಿ ಸತ್ತವರು 2021ರಲ್ಲಿ 737, 2022ರಲ್ಲಿ 681. ಅಮೆರಿಕದಲ್ಲಿ 2022ರಲ್ಲಿ ಇಂಥ ಸಾವು ಸುಮಾರು 1,08,000. ನಾವು ಬಹಳ ಸುರಕ್ಷಿತರೆಂದು ತೋರುತ್ತದೆ. ಇದನ್ನು ಇನ್ನೊಂದು ಸರ್ಕಾರಿ ದಾಖಲೆಯೊಂದಿಗೆ ತಾಳೆ ನೋಡಿ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ ಓಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ ಎಂದೂ, ಅವರಲ್ಲಿ ನೆರವು ಬೇಕಾದಷ್ಟು ತೊಂದರೆಗೆ ಸಿಲುಕಿದವರು ಸುಮಾರು 77 ಲಕ್ಷ ಎಂದೂ ಅಂದಾಜು ಮಾಡಿತು. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಇಂಥ ಅವಲಂಬಿತರಲ್ಲಿ ಅತಿಸೇವನೆಯಿಂದ ಸಾಯುವವರ ಪ್ರಮಾಣ ವರ್ಷಕ್ಕೆ ನೂರಕ್ಕೆ 0.65 ಎಂದು ಕಂಡುಬಂದಿತ್ತು. 77 ಲಕ್ಷಕ್ಕೆ ಇದನ್ನು ಗುಣಿಸಿದರೆ ಐವತ್ತು ಸಾವಿರ ಬರುತ್ತದೆ. ನಮ್ಮಲ್ಲಿ ಅಫೀಮನ್ನೇ ತಿನ್ನುವವರು, ಮಾತ್ರೆ ನುಂಗುವವರು ಗಣನೀಯವಾಗಿದ್ದಾರೆ. ಚುಚ್ಚಿಕೊಳ್ಳುವವರಿಗಿಂತ ಅವರಿಗೆ ಅಪಾಯ ಕಡಿಮೆ. ಆದ್ದರಿಂದ ಹತ್ತನೆಯ ಒಂದು ಭಾಗವನ್ನಷ್ಟೇ ಇಟ್ಟುಕೊಳ್ಳೋಣ. ಆಗಲೂ ಐದು ಸಾವಿರ. ಇದು ಒರಟು ಲೆಕ್ಕ, ಇದನ್ನು ಯಾರೂ ಅಂಕಿಯೆಂದು ಉಲ್ಲೇಖಿಸಬೇಕಾಗಿಲ್ಲ. 681 ನಂಬಲರ್ಹವಲ್ಲ ಎಂದು ತೋರಿಸಲು ಮಾತ್ರ ಇದು ಸಾಕು.

ಉಳಿದ ಸಾವುಗಳು ಎಲ್ಲಿ ಹೋದವು? ಬಸವೇಶ್ವರನಗರದ ಅಂಚಿನ ಒಂದು ಬಾಡಿಗೆ ಕೋಣೆಯಲ್ಲಿ ಕೂಲಿಯೊಬ್ಬರು ಬೆಳಿಗ್ಗೆ ಏಳಲಿಲ್ಲವೆಂದು ಊಹಿಸಿಕೊಳ್ಳಿ. ಮಲಗಿದಲ್ಲೇ ಸತ್ತರು, 'ಹೃದಯಾಘಾತ' ಎಂದು ಬರೆದರೆ ಅಲ್ಲಿಗೆ ಮುಗಿಯಿತು. ಅನುಮಾನ ಬಂದರೆ ಪೊಲೀಸರು ಅಸಹಜ ಸಾವೆಂದು ದಾಖಲಿಸುತ್ತಾರೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮು. ಮರಣೋತ್ತರ ಪರೀಕ್ಷೆ ನಡೆದು ಒಳಾಂಗಗಳ ಭಾಗಗಳು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ, ವೈದ್ಯರ ಅಭಿಪ್ರಾಯ ಕಾಯ್ದಿಡಲ್ಪಡುತ್ತದೆ. ಇಲ್ಲೊಂದು ರಾಸಾಯನಿಕ ಸೂಕ್ಷ್ಮವಿದೆ. ಅಫೀಮಿನ ಅಂಶ ಹುಡುಕುವ ಸುಲಭ ಪರೀಕ್ಷೆಗಳು ಮಾರ್ಫೀನಿನ ಆಕಾರವನ್ನು ಗುರುತಿಸುವಂತೆ ರೂಪುಗೊಂಡವು. ಟ್ರಮಡಾಲ್, ಟ್ಯಾಪೆಂಟಡಾಲ್, ಫೆಂಟನಿಲ್‌ಗಳ ಅಣುರಚನೆ ಬೇರೆಯಾದ್ದರಿಂದ ಅವು ಆ ಬಲೆಗೆ ಬೀಳುವುದಿಲ್ಲ. ಅವನ್ನು ಹುಡುಕಲೆಂದೇ ವರ್ಣಲೇಖನ ಮತ್ತು ದ್ರವ್ಯರಾಶಿ ರೋಹಿತದ ಉಪಕರಣಗಳನ್ನು ಬಳಸಬೇಕು, ಏನನ್ನು ಹುಡುಕುತ್ತಿದ್ದೇವೆ ಎಂದು ಮೊದಲೇ ತಿಳಿದಿರಬೇಕು. ಹುಡುಕದಿದ್ದರೆ ಸಿಗುವುದಿಲ್ಲ. ಸಿಗದಿದ್ದರೆ ಎಣಿಕೆಗೆ ಬರುವುದಿಲ್ಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇಕಡಾ 22ರಷ್ಟಕ್ಕೆ ಮಾತ್ರ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಕಸುಬಿನ ವಿಷಯದಲ್ಲಿ ನಮ್ಮ ದಾಖಲೆಗಳು ಇನ್ನೂ ವಿಚಿತ್ರ. ಅಪರಾಧ ದಾಖಲೆಗಳ ಬ್ಯೂರೋ ಆತ್ಮಹತ್ಯೆಗಳನ್ನು ಕಸುಬಿನ ಪ್ರಕಾರ ವಿಂಗಡಿಸುತ್ತದೆ. 2021ರಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ ಶೇಕಡಾ 25.6 ಮಂದಿ ದಿನಗೂಲಿಗಳು ಎಂದು ನಮಗೆ ತಿಳಿದಿರುವುದು ಹಾಗೆ. ಆದರೆ ಅದೇ ಪುಸ್ತಕದ ಇನ್ನೊಂದು ಭಾಗದಲ್ಲಿ ಅತಿಸೇವನೆಯಂಥ ಆಕಸ್ಮಿಕ ಸಾವುಗಳಿಗೆ ವಯಸ್ಸು, ಲಿಂಗ ಇವೆ, ಕಸುಬಿಲ್ಲ. ಇನ್ನು ಜನನ ಮರಣ ನೋಂದಣಿ. 2000ದ ಆಸುಪಾಸಿನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಮರಣ ವರದಿಯ ನಮೂನೆ 2ರಲ್ಲಿ ಮೃತರ ಕಸುಬನ್ನು ಕೇಳುವ ಅಂಕಣವಿತ್ತು. ಅಷ್ಟೇ ಅಲ್ಲ, ಮೃತರು ಬೀಡಿ ಸಿಗರೇಟು ಸೇದುತ್ತಿದ್ದರೆ ಎಷ್ಟು ವರ್ಷದಿಂದ, ತಂಬಾಕು ಜಗಿಯುತ್ತಿದ್ದರೆ, ಅಡಿಕೆ ಅಥವಾ ಪಾನ್ ಮಸಾಲೆ ಜಗಿಯುತ್ತಿದ್ದರೆ, ಮದ್ಯ ಕುಡಿಯುತ್ತಿದ್ದರೆ ಎಷ್ಟು ವರ್ಷದಿಂದ ಎಂದು ನಾಲ್ಕು ಪ್ರಶ್ನೆಗಳಿದ್ದವು. ಅಡಿಕೆಯನ್ನೂ ಬಿಡದೆ ಕೇಳಿದ ನಮೂನೆ ನೋವಿನ ಮಾತ್ರೆಯನ್ನಾಗಲಿ ಅಫೀಮನ್ನಾಗಲಿ ಕೇಳಲಿಲ್ಲ. ಆ ನಮೂನೆ ಮಾಡಿದವರನ್ನು ದೂರುವುದು ಸಲ್ಲದು, ಬಾಯಿ ಮತ್ತು ಶ್ವಾಸಕೋಶದ ಕ್ಯಾನ್ಸರ್ ಅವರ ಮನಸ್ಸಿನಲ್ಲಿದ್ದವು. ಕೇಳಿದ ಪ್ರಶ್ನೆಗೆ ತಕ್ಕಷ್ಟೇ ಜ್ಞಾನ ದೊರಕುತ್ತದೆ. ಕಸುಬಿನ ಅಂಕಣಕ್ಕಾದರೂ ಏನು ಬರೆಯುತ್ತಾರೆ? 'ಕೂಲಿ'. ಕಂಬಿ ಕಟ್ಟುವವರು, ಸೆಂಟ್ರಿಂಗ್ ಮಾಡುವವರು, ಮೂಟೆ ಹೊರುವವರು, ಪಾಲಿಶಿಂಗ್ ಚಕ್ರದ ಮುಂದೆ ಹತ್ತು ಗಂಟೆ ಬಗ್ಗಿ ನಿಲ್ಲುವವರು ಎಲ್ಲರೂ ಆ ಒಂದು ಪದದಲ್ಲಿ ಕರಗಿಹೋಗುತ್ತಾರೆ.

ಕರ್ನಾಟಕದಲ್ಲಿ ಓಪಿಯಾಯ್ಡ್ ಬಳಕೆ ಪಂಜಾಬ್, ಹರಿಯಾಣ ಅಥವಾ ಈಶಾನ್ಯ ರಾಜ್ಯಗಳಷ್ಟಿಲ್ಲ ಎಂಬುದು ನಿಜ. ಹಾಗೆಂದು ಔಷಧ ಮಾತ್ರೆಗಳ ದುರ್ಬಳಕೆ ಇಲ್ಲಿಲ್ಲ ಎನ್ನುವಂತಿಲ್ಲ. ಟ್ರಮಡಾಲನ್ನು 2018ರ ಏಪ್ರಿಲ್‌ನಲ್ಲಿ ಮಾದಕದ್ರವ್ಯ ಕಾಯಿದೆಯ ವ್ಯಾಪ್ತಿಗೆ ತಂದ ಮೇಲೆ ಟ್ಯಾಪೆಂಟಡಾಲಿನ ಹೆಸರು ಹೆಚ್ಚು ಕೇಳಿಬರತೊಡಗಿತು. ಟ್ಯಾಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರೆತ ಮಾತ್ರೆಗಳ ತಯಾರಿಕೆ ಮತ್ತು ರಫ್ತನ್ನು ಕೇಂದ್ರ ಸರ್ಕಾರ ತಡೆದದ್ದು 2025ರ ಫೆಬ್ರವರಿಯಲ್ಲಿ.

ಪಶ್ಚಿಮ ಬೆಂಗಳೂರಿನಲ್ಲಿಯೇ ಈ ಪ್ರಶ್ನೆಯನ್ನು ಅಮೆರಿಕದವರಿಗಿಂತ ಚೆನ್ನಾಗಿ ಕೇಳಬಹುದಾದ ಒಂದು ಅವಕಾಶವಿದೆ. ರಾಜಾಜಿನಗರದಲ್ಲಿ ಕಾರ್ಮಿಕರ ರಾಜ್ಯ ವಿಮಾ ನಿಗಮದ ದೊಡ್ಡ ಆಸ್ಪತ್ರೆಯಿದೆ, ಜೊತೆಗೆ ವೈದ್ಯಕೀಯ ಕಾಲೇಜೂ ಇದೆ. ವಿಮೆಯುಳ್ಳ ಕೆಲಸಗಾರರು ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70 ದೊರೆಯುವುದು ಇ.ಎಸ್.ಐ. ವ್ಯವಸ್ಥೆಯ ನಿಯಮ. ಇದು ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಿಗೆ. ಕಾಮಾಕ್ಷಿಪಾಳ್ಯದ ಒಂದೇ ಬೀದಿಯಲ್ಲಿ ಹನ್ನೆರಡು ಜನರ ಲೇತ್ ಶೆಡ್ಡೂ ಇರುತ್ತದೆ, ಆರು ಜನರದೂ ಇರುತ್ತದೆ. ಅದೇ ಯಂತ್ರ, ಅದೇ ಸೊಂಟ ನೋವು. ಒಬ್ಬರಿಗೆ ಕಾಯಿಲೆ ರಜೆಗೆ ಹಣ ಬರುತ್ತದೆ, ಪಕ್ಕದವರಿಗಿಲ್ಲ. ಮ್ಯಾಸಚೂಸೆಟ್ಸ್ ವರದಿ ಕಸುಬುಗಳ ನಡುವೆ ಹೋಲಿಸಿ ಊಹಿಸಬೇಕಾಗಿದ್ದುದನ್ನು ಇಲ್ಲಿ ಕಸುಬನ್ನು ಸ್ಥಿರವಾಗಿಟ್ಟು ಹೋಲಿಸಬಹುದು. ಸಾವನ್ನು ಕಾಯುತ್ತ ಕೂರಬೇಕಾಗಿಲ್ಲ. ನೋವಿಗೆ ಏನು ನುಂಗುತ್ತೀರಿ, ವಾರಕ್ಕೆ ಎಷ್ಟು ದಿನ, ಯಾರು ಕೊಟ್ಟರು ಎಂದು ಎರಡೂ ಕಡೆ ಕೇಳಿದರೆ ಸಾಕು. ಹತ್ತು ಜನರ ಗಡಿಯ ಆಚೆ ಈಚೆಗಿನ ಶೆಡ್ಡುಗಳಲ್ಲಿ ಕೂಲಿ, ಸುರಕ್ಷತೆ ಕೂಡ ಬೇರೆಯಿರುತ್ತವೆ, ಅದನ್ನು ಲೆಕ್ಕದಲ್ಲಿ ಸರಿದೂಗಿಸಬೇಕಾಗುತ್ತದೆ. ಕಷ್ಟ, ಅಸಾಧ್ಯವಲ್ಲ. ಕಟ್ಟಡ ಕಾರ್ಮಿಕರಿಗೆ 1996ರ ಕಾಯಿದೆಯಿಂದ ಹುಟ್ಟಿದ ಕಲ್ಯಾಣ ಮಂಡಳಿಯ ನೋಂದಣಿ ಇದೆ, ಅಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬಹುದು.

ಕೇಳುವ ರೀತಿಯಲ್ಲಿ ಎಚ್ಚರ ಬೇಕು. 'ಗಾರೆಯವರು ವ್ಯಸನಿಗಳು' ಎಂಬ ಮಾತು ಹುಟ್ಟಿಕೊಂಡರೆ ಮೇಸ್ತ್ರಿ ಅಂಥವರನ್ನು ಕೆಲಸದಿಂದ ತೆಗೆಯುತ್ತಾರೆ. ಕೆಲಸ ತಪ್ಪಿದವರ ದರ ಏನಾಗಬಹುದೆಂದು ಮೇಲಿನ ಉದಾಹರಣೆಯಲ್ಲಿ ನೋಡಿದಿರಿ. ಇನ್ನೊಂದು ಬದಿಯ ತಪ್ಪನ್ನು ನಾವು ಈಗಾಗಲೇ ಮಾಡಿ ಅನುಭವಿಸಿದ್ದೇವೆ. 1985ರ ಮಾದಕದ್ರವ್ಯ ಕಾಯಿದೆಯ ಬಿಗಿಯಿಂದ ಕ್ಯಾನ್ಸರ್ ರೋಗಿಗಳಿಗೂ ಮಾರ್ಫೀನ್ ಸಿಗದಂತಾಗಿ, 2014ರಲ್ಲಿ ತಿದ್ದುಪಡಿ ತಂದು 'ಅಗತ್ಯ ಮಾದಕ ಔಷಧ'ಗಳೆಂಬ ವರ್ಗವನ್ನೇ ಬೇರೆಯಾಗಿ ಮಾಡಬೇಕಾಯಿತು. ಅಮೆರಿಕದಲ್ಲಿ ಮಾತ್ರೆ ಸಲೀಸಾಗಿ ಸಿಕ್ಕು ಜನ ಸತ್ತರು. ನಮ್ಮಲ್ಲಿ ಬೇಕಾದವರಿಗೆ ಸಿಗದೆ ನರಳಿದರು, ಬೇಡದ ದಾರಿಯಲ್ಲಿ ಅದು ಹರಿದಾಡಿತು.

ತಕ್ಷಣದ ಬಳಕೆಗೆ ಒಂದು ಮಾತು. ಎಬ್ಬಿಸಿದರೂ ಏಳದಿರುವುದು, ಉಸಿರು ಅತಿ ನಿಧಾನ ಅಥವಾ ಗೊರಕೆಯಂತಿರುವುದು, ತುಟಿ ನೀಲಿಗಟ್ಟುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು ಓಪಿಯಾಯ್ಡ್ ಅತಿಸೇವನೆಯ ಲಕ್ಷಣಗಳು. 108ಕ್ಕೆ ಕರೆ ಮಾಡಿ, ಉಸಿರಾಟ ನಿಂತಿದ್ದರೆ ಬಾಯಿಂದ ಬಾಯಿಗೆ ಉಸಿರು ಕೊಡಬೇಕು. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಬೇಕು. ನ್ಯಾಲಾಕ್ಸೋನ್ ಎಂಬ ಚುಚ್ಚುಮದ್ದು ಅದೇ ಗ್ರಾಹಿಗಳಿಂದ ಓಪಿಯಾಯ್ಡನ್ನು ಹೊರದೂಡಿ ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸುತ್ತದೆ. ಅದರ ಪರಿಣಾಮ ಓಪಿಯಾಯ್ಡಿಗಿಂತ ಬೇಗ ಇಳಿಯಬಹುದಾದ್ದರಿಂದ ಎಚ್ಚರವಾದವರನ್ನೂ ಆಸ್ಪತ್ರೆಯಲ್ಲೇ ಇರಿಸಿಕೊಳ್ಳಬೇಕು. ಮಾತ್ರೆಯ ಖಾಲಿ ಪಟ್ಟಿ ಸಿಕ್ಕಿದರೆ ಬಿಸಾಡದೆ ಜೊತೆಯಲ್ಲಿ ಒಯ್ಯಿರಿ. ವೈದ್ಯರಿಗೆ ಅದು ಚಿಕಿತ್ಸೆಯ ಸುಳಿವು, ಮಡಿವಾಳದ ಪ್ರಯೋಗಾಲಯಕ್ಕೆ ಏನನ್ನು ಹುಡುಕಬೇಕೆಂಬ ಸುಳಿವು.